ನಂಬದವರಲ್ಲಿ ಎಷ್ಟು ಬಗೆ?

(ಸಂಘದ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಪಠ್ಯ)



ನಾನು ಸಾಹಿತಿಯಲ್ಲ, ಭಾಷಾಶಾಸ್ತ್ರಜ್ಞನೂ ಅಲ್ಲ. ಕಾಲು ಶತಮಾನಕ್ಕೂ ಮಿಕ್ಕಿ ಈ ದೆಹಲಿಯಲ್ಲಿ ಕೇಂದ್ರ ಸರ್ಕಾರದ ಕಡತಗಳ ನಡುವೆ ಬದುಕಿದವನು. ಒಂದು ಕಾಲದಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇಂಗ್ಲಿಷ್ ಎಂ.ಎ. ಓದಿದ್ದೆನೆಂಬ ಕಾರಣಕ್ಕೆ ಕಾರ್ಯದರ್ಶಿಗಳು ನನ್ನನ್ನು ಈ ವೇದಿಕೆಗೆ ಎಳೆತಂದಿದ್ದಾರೆ. ಇನ್ನೊಂದು ಕಾರಣವೂ ಉಂಟು. ಅದು ತಮ್ಮಲ್ಲಿ ಹಲವರಿಗೆ ಗೊತ್ತೇ ಇದೆ.

ಕಳೆದ ಸರ್ವಸದಸ್ಯರ ಸಭೆಯಲ್ಲಿ ಲೆಕ್ಕಪತ್ರದ ಮಂಡನೆ ನಡೆಯುತ್ತಿದ್ದಾಗ, ನಾಟಕೋತ್ಸವದ ಶಾಮಿಯಾನದ ಬಾಡಿಗೆ ಹಿಂದಿನ ವರ್ಷಕ್ಕಿಂತ ಅಷ್ಟು ಹೆಚ್ಚಾದುದೇಕೆ ಎಂದು ಹಿರಿಯ ಸದಸ್ಯರೊಬ್ಬರು ಕೇಳಿದರು. ಖಜಾಂಚಿಯವರ ಮುಖ ಕೆಂಪಾಯಿತು. "ಅಂದರೆ, ನನ್ನ ಮೇಲೆ ಅನುಮಾನವೇ?" ಎಂದರು. ಹಿರಿಯರು ತಕ್ಷಣ ಇಂಗ್ಲಿಷಿಗೆ ಹೊರಳಿ, ತಾವು ಸಸ್ಪಿಷಸ್ ಅಲ್ಲವೆಂದೂ ಕೇವಲ ಸ್ಕೆಪ್ಟಿಕಲ್ ಎಂದೂ ಸಮಜಾಯಿಷಿ ಕೊಟ್ಟರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಮತ್ತೊಬ್ಬರು, "ಯಾಕೆ ಸ್ವಾಮಿ, ಇಷ್ಟು ಸಿನಿಕರಾಗುತ್ತೀರಿ?" ಎಂದು ಕೂಗಿದರು. ಸಭೆಯಲ್ಲಿ ಗದ್ದಲವೆದ್ದಿತು. ಅಧ್ಯಕ್ಷರು ಸಮಯಸ್ಫೂರ್ತಿಯಿಂದ ಕಾಫಿ ತರಿಸಿದರು. ಕಾಫಿಯ ಹೊತ್ತಿನಲ್ಲಿ ಕಾರ್ಯದರ್ಶಿಗಳು ನನ್ನ ಬಳಿ ಬಂದು, "ಈ ಮೂರರಲ್ಲಿ ಬೈಗುಳ ಯಾವುದು, ಅಷ್ಟಾದರೂ ಹೇಳಿ" ಎಂದರು. ಅವರಿಗೆ ಅಂದು ಕೊಡಲಾಗದ ಉತ್ತರವನ್ನು ಇಂದು ಸ್ವಲ್ಪ ವಿಸ್ತಾರವಾಗಿ ತಮ್ಮ ಮುಂದಿಡುತ್ತೇನೆ.

ನಿಘಂಟುಗಳಲ್ಲಿ ಈ ಪದಗಳು ಅಕ್ಕಪಕ್ಕದ ಮನೆಯವರಂತೆ ಇರುತ್ತವೆ. ಒಂದರ ಅರ್ಥ ನೋಡಹೋದರೆ ಇನ್ನೊಂದರ ಬಾಗಿಲು ತೋರಿಸುತ್ತಾರೆ. ಆದರೆ ಮೂಲಕ್ಕೆ ಹೋದರೆ ಒಂದು ಸೋಜಿಗ ಕಾಣುತ್ತದೆ. ಸ್ಕೆಪ್ಟಿಕ್ ಎಂಬ ಪದ ಬಂದದ್ದು ಗ್ರೀಕ್ ಭಾಷೆಯಿಂದ. ಅಲ್ಲಿ ಅದರ ಮೂಲಕ್ರಿಯೆಗೆ 'ನೋಡು, ಪರಿಶೀಲಿಸು' ಎಂದು ಅರ್ಥ, 'ನಂಬದಿರು' ಎಂದಲ್ಲ. ಸಸ್ಪಿಷನ್ ಬಂದದ್ದು ಲ್ಯಾಟಿನ್ನಿನಿಂದ. ಅದರ ಮೂಲಾರ್ಥವೂ ನೋಡುವುದೇ. ಆದರೆ 'ಕೆಳಗಿನಿಂದ ನೋಡು, ಮರೆಯಿಂದ ನೋಡು' ಎಂಬುದು ಆ ನೋಟದ ಬಗೆ. ಈ ಎರಡೂ ಪದಗಳು ಒಂದೇ ಪ್ರಾಚೀನ ಧಾತುವಿನ ಮಕ್ಕಳೆಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಸಂಸ್ಕೃತದ 'ಪಶ್ಯತಿ', ಅಂದರೆ ನೋಡುತ್ತಾನೆ ಎಂಬುದು ಅದೇ ಕುಟುಂಬದ್ದು. ಗೂಢಚಾರನಿಗೆ ಅಮರಕೋಶ ಹೇಳುವ ಹೆಸರುಗಳಲ್ಲಿ ಒಂದಾದ 'ಸ್ಪಶ', ಇಂಗ್ಲಿಷಿನಲ್ಲಿ ಗೂಢಚಾರನಿಗೆ ಹೇಳುವ 'ಸ್ಪೈ' ಇವೂ ಅದೇ ಮನೆತನದವು. ಹೀಗೆ ಸ್ಕೆಪ್ಟಿಕ್ ಎಂಬುವನು ಎದುರು ನಿಂತು ನೋಡುವವನು. ಸಸ್ಪಿಷಸ್ ಎಂಬುವನು ಹುಬ್ಬಿನ ಕೆಳಗಿಂದ ನೋಡುವವನು. ಇಬ್ಬರೂ ನೋಡುವವರೇ ಎಂಬುದನ್ನು ತಾವು ದಯಮಾಡಿ ನೆನಪಿನಲ್ಲಿಡಬೇಕು. ಸಿನಿಕನ ಸಂಗತಿ ಬೇರೆ. ಅವನ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಸ್ಕೆಪ್ಟಿಕ್ ಪಂಥದ ಮೂಲಪುರುಷನೆಂದು ಹೆಸರಾದವನು ಎಲಿಸ್ ನಗರದ ಪಿರ್‍ಹೋ. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಹುಟ್ಟಿದವನು. ಅವನು ಅಲೆಕ್ಸಾಂಡರನ ದಂಡಿನೊಂದಿಗೆ ಭಾರತದವರೆಗೆ ಬಂದು ಇಲ್ಲಿನ ದಿಗಂಬರ ತತ್ತ್ವಜ್ಞರನ್ನು ಕಂಡಿದ್ದನೆಂದು ಪ್ರಾಚೀನ ಗ್ರೀಕ್ ಜೀವನಚರಿತ್ರೆಗಳು ಹೇಳುತ್ತವೆ. ಅವನ ಪಂಥದ ವಿಚಾರಗಳನ್ನು ನಮಗೆ ಉಳಿಸಿಕೊಟ್ಟ ಸೆಕ್ಸ್ಟಸ್ ಎಂಪಿರಿಕಸ್ ಸತ್ಯವನ್ನು ಅರಸಹೊರಟವರನ್ನು ಮೂರು ಗುಂಪು ಮಾಡುತ್ತಾನೆ. ಸಿಕ್ಕಿತು ಎನ್ನುವವರು ಒಂದು ಗುಂಪು. ಎಂದಿಗೂ ಸಿಕ್ಕುವುದಿಲ್ಲ ಎನ್ನುವವರು ಇನ್ನೊಂದು. ಇನ್ನೂ ಹುಡುಕುತ್ತಿರುವವರು ಮೂರನೆಯ ಗುಂಪು, ಇವರೇ ಸ್ಕೆಪ್ಟಿಕರು. ಸಿಕ್ಕುವುದಿಲ್ಲ ಎಂದು ಸಾರುವವನನ್ನೂ ಸೆಕ್ಸ್ಟಸ್ ತನ್ನವನೆಂದು ಒಪ್ಪುವುದಿಲ್ಲವೆಂಬುದು ಗಮನಾರ್ಹ. ಏಕೆಂದರೆ ಅವನೂ ತೀರ್ಪು ಕೊಟ್ಟು ಕಡತ ಮುಚ್ಚಿದವನೇ.

ಇನ್ನು ಸಸ್ಪಿಷಸ್. ಈ ಪದದಲ್ಲಿ ಇಂಗ್ಲಿಷರು ಒಂದು ವಿಚಿತ್ರ ಗಂಟು ಹಾಕಿದ್ದಾರೆ. ಸಸ್ಪಿಷಸ್ ಮನುಷ್ಯ ಎಂದರೆ ಇತರರನ್ನು ಅನುಮಾನಿಸುವವನೂ ಆಗಬಹುದು, ಇತರರ ಅನುಮಾನಕ್ಕೆ ಪಾತ್ರನಾದವನೂ ಆಗಬಹುದು. ಡೌಟ್‌ಫುಲ್ ಎಂಬ ಪದವೂ ಹಾಗೆಯೇ: ಸಂದೇಹಪಡುವ ಮನಸ್ಸಿಗೂ ಸಲ್ಲುತ್ತದೆ, ಸಂದೇಹಕ್ಕೆಡೆಯಾದ ವಸ್ತುವಿಗೂ ಸಲ್ಲುತ್ತದೆ. ನಾವು ಕನ್ನಡದಲ್ಲಿ 'ಸಂಶಯಪ್ರವೃತ್ತಿಯವನು' ಎಂದೂ 'ಶಂಕಾಸ್ಪದನು' ಎಂದೂ ಎರಡನ್ನೂ ಬೇರೆ ಮಾಡಿ ಹೇಳುತ್ತೇವೆ. ಭಾಷೆಯ ಅಚ್ಚುಕಟ್ಟಿನಲ್ಲಿ ನಮ್ಮದು ಮೇಲು. ಆದರೆ ಅನುಭವದಲ್ಲಿ ಇಂಗ್ಲಿಷಿನ ಗಂಟು ಸುಳ್ಳಲ್ಲ. ಕಳ್ಳನೋಟದಿಂದ ನೋಡುವವನನ್ನು ಮೂರನೆಯವನೊಬ್ಬನು ದೂರದಿಂದ ಕಂಡರೆ, ಅವನಿಗೆ ಯಾರು ಕಳ್ಳ, ಯಾರು ಕಾವಲುಗಾರ ಎಂಬುದು ಬೇಗ ತಿಳಿಯುವುದಿಲ್ಲ.

ಈ ಬೀದಿಯಲ್ಲಿ ಇನ್ನೂ ಕೆಲವು ಮನೆಗಳಿವೆ. ಮಿಸ್‌ಟ್ರಸ್ಟ್ ಮತ್ತು ಡಿಸ್‌ಟ್ರಸ್ಟ್ ಎರಡಕ್ಕೂ ನಾವು 'ಅಪನಂಬಿಕೆ' ಎಂದೇ ಬರೆಯುತ್ತೇವೆ. ಬಳಕೆಯಲ್ಲಿ ಇಂಗ್ಲಿಷರೇ ಇವನ್ನು ಹಲವು ಸಲ ಬೆರೆಸುತ್ತಾರೆ. ಆದರೂ ಎಚ್ಚರದಿಂದ ಬರೆಯುವವರು ಒಂದು ಗೆರೆ ಎಳೆಯುತ್ತಾರೆ: ಒಮ್ಮೆ ಮೋಸಹೋದವನಲ್ಲಿ, ಕಾರಣ ಬಲ್ಲವನಲ್ಲಿ ಹುಟ್ಟುವುದು ಡಿಸ್‌ಟ್ರಸ್ಟ್, ಕಾರಣ ಹೇಳಲಾಗದೆ ಮನಸ್ಸು ಹಿಂಜರಿಯುವುದು ಮಿಸ್‌ಟ್ರಸ್ಟ್. ಸಾಲ ಹಿಂದಿರುಗಿಸದ ನೆಂಟನ ಬಗ್ಗೆ ಮೊದಲನೆಯದು, ರೈಲಿನಲ್ಲಿ ಅತಿಯಾಗಿ ಉಪಚರಿಸುವ ಅಪರಿಚಿತನ ಬಗ್ಗೆ ಎರಡನೆಯದು. ವೇರಿ ಎಂದರೆ ಅಪನಂಬಿಕೆಯೂ ಅಲ್ಲ, ಬರಿಯ ಎಚ್ಚರಿಕೆ; ರಸ್ತೆ ದಾಟುವವನು ಲಾರಿಯನ್ನು ದ್ವೇಷಿಸಬೇಕಾಗಿಲ್ಲವಷ್ಟೆ. ಇನ್‌ಕ್ರೆಡ್ಯುಲಸ್ ಎಂದರೆ ಕೇಳಿದ ಮಾತು ನಂಬುವಂತಿಲ್ಲವೆಂದು ಬೆರಗಾಗುವುದು; ಅದು ಆ ಮಾತಿನ ಬಗ್ಗೆ, ಆಡಿದವನ ಚಾರಿತ್ರ್ಯದ ಬಗ್ಗೆ ಅಲ್ಲ. ಪೆಸಿಮಿಸ್ಟ್ ನಾಳೆಯ ದಿನವನ್ನು ನಂಬದವನು. ಮನುಷ್ಯರನ್ನು ಅವನು ನಂಬಲೂಬಹುದು. ಪ್ಯಾರನಾಯ್ಡ್ ಎಂಬುವನಿಗೆ ಲೋಕವೆಲ್ಲ ಸೇರಿ ತನ್ನೊಬ್ಬನ ಮೇಲೆಯೇ ಸಂಚು ಹೂಡಿದಂತೆ ಕಾಣುತ್ತದೆ. ಅಮೆರಿಕದ ಇತಿಹಾಸಕಾರ ರಿಚರ್ಡ್ ಹಾಫ್‌ಸ್ಟಾಟರ್ 1964ರ ಒಂದು ಪ್ರಸಿದ್ಧ ಪ್ರಬಂಧದಲ್ಲಿ ಈ ವೈದ್ಯಕೀಯ ಪದವನ್ನು ಎರವಲು ಪಡೆದು, ತನ್ನ ದೇಶದ ರಾಜಕಾರಣದ ಒಂದು ಶೈಲಿಗೆ ಅದನ್ನು ಹೆಸರಾಗಿ ಇಟ್ಟ. ಒಬ್ಬೊಬ್ಬರಿಗಲ್ಲ, ಇಡೀ ಗುಂಪುಗಳಿಗೂ ಈ ರೋಗ ತಗಲಬಹುದೆಂಬುದು ಅಂದಿನಿಂದ ಸಾಮಾನ್ಯ ತಿಳಿವಳಿಕೆಯಾಯಿತು.

ಸಂಶಯವೇ ಒಂದು ವಿದ್ಯೆಯಾಗುವುದೂ ಉಂಟು. ಫ್ರಾನ್ಸಿನ ತತ್ತ್ವಜ್ಞ ಪಾಲ್ ರಿಕರ್ 1965ರಲ್ಲಿ ಮಾರ್ಕ್ಸ್, ನೀತ್ಸೆ, ಫ್ರಾಯ್ಡ್ ಮೂವರನ್ನೂ ಸಂಶಯದ ಗುರುಗಳೆಂದು ಒಟ್ಟಿಗೆ ಕೂಡಿಸಿದ. ಕಣ್ಣಿಗೆ ಕಾಣುವ ಅರ್ಥದ ಹಿಂದೆ ಹಿತಾಸಕ್ತಿಯನ್ನೋ, ಅಧಿಕಾರದ ಹಂಬಲವನ್ನೋ, ಅದುಮಿಟ್ಟ ಆಸೆಯನ್ನೋ ಅವರು ಅರಸಿದರು. ಅವರ ತೀರ್ಮಾನಗಳನ್ನು ನಾವು ಒಪ್ಪದೆ ಇರಬಹುದು. ಆದರೆ ಅವರು ಸಾವಿರಾರು ಪುಟಗಳ ದುಡಿಮೆಯಿಂದ ತೋರಿಸಲು ಹೆಣಗಿದರು. 'ಇದರ ಹಿಂದೆ ಏನೋ ಇದೆ' ಎಂದಷ್ಟೇ ಹೇಳಿ ತಲೆಯಾಡಿಸಿ ಎದ್ದುಹೋಗಲಿಲ್ಲ.

ಹಾಗೆ ಎದ್ದುಹೋಗುವವನೇ ಇಂದಿನ ಸಿನಿಕ. ಆದರೆ ಅಂದಿನ ಸಿನಿಕ ಹೀಗಿರಲಿಲ್ಲವೆಂಬುದು ಈ ಪದದ ದುರಂತ. ಗ್ರೀಕಿನಲ್ಲಿ ಆ ಪದಕ್ಕೆ 'ನಾಯಿಯಂಥವನು' ಎಂದು ಅರ್ಥ. ನಾಯಿಗೆ ಗ್ರೀಕರು ಹೇಳುವ 'ಕ್ಯುಓನ್' ನಮ್ಮ 'ಶ್ವಾನ'ದ ಸೋದರ ಪದ. ಬೀದಿಯಲ್ಲೇ ಉಂಡು ಬೀದಿಯಲ್ಲೇ ಮಲಗಿ, ಮಾನ ಮರ್ಯಾದೆಗಳೆಂಬ ಊರಿನ ಕಟ್ಟಳೆಗಳನ್ನೆಲ್ಲ ಕಿತ್ತೆಸೆದ ವಿರಕ್ತರಿಗೆ ಜನ ಇಟ್ಟ ಹೆಸರು ಅದು. ಸಿನೋಪೆಯ ಡಯೋಜಿನಿಸ್ ಅವರಲ್ಲಿ ಅಗ್ರಗಣ್ಯ. ಅಲೆಕ್ಸಾಂಡರ್ ಎದುರು ನಿಂತು ಏನು ಬೇಕೆಂದು ಕೇಳಿದಾಗ, ನನ್ನ ಬಿಸಿಲಿಗೆ ಅಡ್ಡ ನಿಲ್ಲಬೇಡ ಎಂದನೆಂಬ ಕಥೆ ತಮಗೆ ತಿಳಿದದ್ದೇ. ಅವನದೇ ಇನ್ನೊಂದು ಕಥೆ: ಹಾಡಹಗಲಲ್ಲಿ ದೀಪ ಹಚ್ಚಿಕೊಂಡು ಪೇಟೆಯಲ್ಲಿ ತಿರುಗುತ್ತಿದ್ದನಂತೆ. ಕೇಳಿದರೆ, ಮನುಷ್ಯನನ್ನು ಹುಡುಕುತ್ತಿದ್ದೇನೆ ಎನ್ನುತ್ತಿದ್ದನಂತೆ. ಅವನ ಮಾತಿನಲ್ಲಿ ಕಟಕಿ ಇತ್ತು. ಆದರೆ ಕೈಯಲ್ಲಿ ದೀಪವೂ ಇತ್ತು. ಸದ್ಗುಣವೊಂದು ಇದೆಯೆಂದು ಗಾಢವಾಗಿ ನಂಬಿದ್ದರಿಂದಲೇ ಅವನಿಗೆ ಸುತ್ತಣ ಆಷಾಢಭೂತಿತನ ಸಹಿಸದಾಯಿತು. ಶತಮಾನಗಳು ಕಳೆದಂತೆ ಕಟಕಿ ಉಳಿಯಿತು, ದೀಪ ಆರಿತು. ಈಗ ಸಿನಿಕನೆಂದರೆ ಎಲ್ಲ ಸತ್ಕಾರ್ಯದ ಹಿಂದೆಯೂ ಸ್ವಾರ್ಥವೇ ಇದೆಯೆಂದು ಮೊದಲೇ ತೀರ್ಮಾನಿಸಿದವನು. ಮುಂಚೆಯೇ ಗೊತ್ತಿರುವುದರಿಂದ ಅವನು ನೋಡುವ ಶ್ರಮವನ್ನೇ ತೆಗೆದುಕೊಳ್ಳುವುದಿಲ್ಲ. ಮೂರು ಪದಗಳ ವ್ಯತ್ಯಾಸ ಇಷ್ಟೇ: ಒಬ್ಬ ನೇರವಾಗಿ ನೋಡುತ್ತಾನೆ, ಒಬ್ಬ ಓರೆಯಾಗಿ ನೋಡುತ್ತಾನೆ, ಒಬ್ಬ ನೋಡುವುದೇ ಇಲ್ಲ.

ಈಗ ನಮ್ಮ ಭಾಷೆಯ ಕಡೆ ತಿರುಗೋಣ. ನಾನು ದೆಹಲಿಗೆ ಬಂದ ಹೊಸತರಲ್ಲಿ ಆಯವ್ಯಯ ಪತ್ರದ ಹಿಂದಿ ಪ್ರತಿಯಲ್ಲಿ 'ಬಜಟ್ ಅನುಮಾನ್' ಎಂದು ಓದಿ ನಕ್ಕಿದ್ದೆ. ಹಿಂದಿಯಲ್ಲಿ ಅದಕ್ಕೆ ಅಂದಾಜು ಎಂದರ್ಥ. ನಮ್ಮ ಕನ್ನಡದ ಕಿವಿಗೆ ಮಾತ್ರ ಸರ್ಕಾರಕ್ಕೆ ತನ್ನ ಬಜೆಟ್ಟಿನ ಮೇಲೆಯೇ ಅನುಮಾನವಿದೆಯೆಂಬಂತೆ ಕೇಳಿಸಿತು. 'ಅನುಮಾನ' ಮೂಲತಃ ನ್ಯಾಯಶಾಸ್ತ್ರದ ಗೌರವಾನ್ವಿತ ಪದ. ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿಯಿದೆಯೆಂದು ತಿಳಿಯುವ ಪ್ರಮಾಣಕ್ಕೆ ಆ ಹೆಸರು. ಹಿಂದಿಯವರು ಅದನ್ನು ಲೆಕ್ಕದ ಪುಸ್ತಕಕ್ಕೆ ಒಯ್ದರು. ನಾವು ಅದನ್ನು ಹೊಗೆ ಕಂಡಲ್ಲೆಲ್ಲ ಬೆಂಕಿ ಹಚ್ಚಿದವನನ್ನು ಹುಡುಕುವ ಮನಸ್ಸಿಗೆ ಒಪ್ಪಿಸಿದೆವು. 'ಸಂಶಯ'ಕ್ಕೂ ಒಳ್ಳೆಯ ಮನೆತನವುಂಟು. ಗೌತಮನ ನ್ಯಾಯಸೂತ್ರಗಳು ಎಣಿಸುವ 16 ಪದಾರ್ಥಗಳಲ್ಲಿ ಪ್ರಮಾಣ, ಪ್ರಮೇಯಗಳಾದ ಮೇಲೆ ಮೂರನೆಯದೇ ಸಂಶಯ. ಮುಸ್ಸಂಜೆಯಲ್ಲಿ ದೂರದಲ್ಲಿ ನಿಂತಿರುವುದು ಮೋಟು ಮರವೋ ಮನುಷ್ಯನೋ ಎಂಬುದು ಅದಕ್ಕೆ ಕೊಡುವ ಉದಾಹರಣೆ. ಏನೂ ತಿಳಿಯದ ವಿಷಯದಲ್ಲೂ ವಿಚಾರಣೆ ಹುಟ್ಟುವುದಿಲ್ಲ, ತೀರ್ಮಾನವಾದ ವಿಷಯದಲ್ಲೂ ಹುಟ್ಟುವುದಿಲ್ಲ, ಸಂಶಯ ಬಂದಲ್ಲಿ ಮಾತ್ರ ಹುಟ್ಟುತ್ತದೆ ಎಂದು ಭಾಷ್ಯಕಾರ ವಾತ್ಸ್ಯಾಯನ ವಿವರಿಸುತ್ತಾನೆ. ಗೀತೆ ವಿನಾಶ ಹೇಳಿದ್ದು ಸಂಶಯಾತ್ಮನಿಗೆ. ಅಂದರೆ ಸಂಶಯವನ್ನೇ ಸ್ವಭಾವ ಮಾಡಿಕೊಂಡು ಎಂದೂ ಅದರಿಂದ ಹೊರಬಾರದವನಿಗೆ.

'ವಿಶ್ವಾಸ' ಎಂಬ ಪದವನ್ನೂ ನೋಡಿ. ಹಿಂದಿಯಲ್ಲಿ ಅದು ನಂಬಿಕೆ ಮಾತ್ರ. ಕನ್ನಡದಲ್ಲಿ ಅದಕ್ಕೆ ಪ್ರೀತಿಯೆಂಬ ಅರ್ಥವೂ ಸೇರಿದೆ. 'ಅವರು ನಮ್ಮಲ್ಲಿ ಬಹಳ ವಿಶ್ವಾಸದಿಂದಿದ್ದಾರೆ' ಎಂದರೆ ಅವರು ನಮಗೆ ಸಾಲ ಕೊಡುತ್ತಾರೆಂದಲ್ಲ, ಅಕ್ಕರೆಯಿಂದ ಕಾಣುತ್ತಾರೆಂದು. ಆದ್ದರಿಂದ ನಮ್ಮವರಲ್ಲಿ ಯಾರನ್ನಾದರೂ ಲೆಕ್ಕ ಕೇಳಿದರೆ ಪ್ರೀತಿಗೇ ಕೊರತೆ ಬಂದಂತೆ ನೋವಾಗುತ್ತದೆ. ನಮ್ಮ ಖಜಾಂಚಿಯವರ ಮುಖ ಕೆಂಪಾದದ್ದು ಈ ಕಾರಣದಿಂದ. ಹಿರಿಯರು ಇಂಗ್ಲಿಷಿನ ಮರೆಹೊಕ್ಕದ್ದೂ ಈ ಕಾರಣದಿಂದಲೇ: ಪ್ರೀತಿಯನ್ನು ಮುಟ್ಟದೆ ಪ್ರಶ್ನೆಯನ್ನಷ್ಟೇ ಕೇಳುವ ಪದ ಅವರಿಗೆ ಕನ್ನಡದಲ್ಲಿ ಆ ಕ್ಷಣಕ್ಕೆ ಹೊಳೆಯಲಿಲ್ಲ. ಆದರೆ ಅಂಥ ಮಾತು ನಮ್ಮಲ್ಲಿಲ್ಲವೆಂದಲ್ಲ. 'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆ ಇದೆ. ಕರ್ನಾಟಕ ಸರ್ಕಾರದ ಕಡತಗಳಲ್ಲಿ ಅಧಿಕಾರಿಗಳು ಬರೆಯುವ 'ಪರಿಶೀಲಿಸಿ ಮಂಡಿಸಿ' ಎಂಬ ಎರಡು ಪದಗಳಿವೆ. ಪಿರ್‍ಹೋ ಬದುಕಿದ್ದರೆ ಅವನ್ನು ಮೆಚ್ಚುತ್ತಿದ್ದನೇನೋ. ಸಿನಿಕನಿಗೆ ಮಾತ್ರ ನಾವು ಹೊಸ ಹೆಸರು ಇಡಲಿಲ್ಲ. ಸಿನಿಕ, ಸಿನಿಕತನ ಎಂದು ಇಂಗ್ಲಿಷಿನ ಪದಕ್ಕೇ ಕನ್ನಡದ ಪ್ರತ್ಯಯ ಹಚ್ಚಿಕೊಂಡೆವು. ಆ ಮನೋಧರ್ಮವನ್ನು ನಮ್ಮವರು ಬಲ್ಲವರೇ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಮಾತು ಮತ್ತಾರನ್ನು ಕುರಿತದ್ದು?

ಇಷ್ಟರವರೆಗೆ ಪುಸ್ತಕದ ಮಾತಾಯಿತು. ಇನ್ನು ನನ್ನ ಕಚೇರಿಯ ಮಾತಿಗೆ ಬರುತ್ತೇನೆ. ಈ ವ್ಯತ್ಯಾಸಗಳನ್ನು ನಾನು ಕಲಿತದ್ದು ಮಾನಸಗಂಗೋತ್ರಿಯಲ್ಲಲ್ಲ, ಅಲ್ಲಿಯೇ.

ಸರ್ಕಾರವೆಂಬುದು ಒಂದರ್ಥದಲ್ಲಿ ಕ್ರಮಬದ್ಧವಾದ ಅಪನಂಬಿಕೆ. ಕಾನೂನು ಈ ಅಪನಂಬಿಕೆಗೆ ಬಹಳ ಎಚ್ಚರದಿಂದ ಮಿತಿ ಹಾಕಿದೆ. 1872ರ ಭಾರತೀಯ ಸಾಕ್ಷ್ಯ ಕಾಯಿದೆಯಲ್ಲಿ 'ರುಜುವಾತಾದದ್ದು', 'ಸುಳ್ಳೆಂದು ರುಜುವಾತಾದದ್ದು' ಎಂಬ ಎರಡರ ಜೊತೆಗೆ 'ರುಜುವಾತಾಗದ್ದು' ಎಂಬ ಮೂರನೆಯದನ್ನೂ ಬೇರೆಯಾಗಿಯೇ ನಿರೂಪಿಸಿದ್ದರು. 2024ರ ಜುಲೈ 1ರಿಂದ ಆ ಕಾಯಿದೆಯ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಈ ಮೂರು ಕೋಣೆಗಳು ಹಾಗೆಯೇ ಉಳಿದಿವೆ. ಮೂರನೆಯ ಕೋಣೆ ಸ್ಕೆಪ್ಟಿಕನದು. ಅದನ್ನು ಮುಚ್ಚಿಬಿಟ್ಟರೆ, ರುಜುವಾತಾಗದ್ದೆಲ್ಲ ಸುಳ್ಳೆಂದಾಗುತ್ತದೆ.

ಕೇಂದ್ರ ಸರ್ಕಾರದ ನೌಕರರ ವಾರ್ಷಿಕ ಗೋಪ್ಯ ವರದಿಯಲ್ಲಿ ಪ್ರಾಮಾಣಿಕತೆಗೆಂದೇ ಒಂದು ಅಂಕಣ ಇರುತ್ತಿತ್ತು. ಅದನ್ನು ತುಂಬುವ ಬಗೆಯನ್ನು ಕುರಿತು 1965ರ ಸೂಚನೆಯೊಂದಿದೆ. ನೌಕರನ ಪ್ರಾಮಾಣಿಕತೆ ಸಂದೇಹಾತೀತವಾಗಿದ್ದರೆ ಹಾಗೆಂದು ಬರೆಯಬೇಕು. ಸಂದೇಹವಿದ್ದರೆ ಅಂಕಣವನ್ನು ಖಾಲಿ ಬಿಟ್ಟು, ಪ್ರತ್ಯೇಕವಾದ ರಹಸ್ಯ ಟಿಪ್ಪಣಿಯಲ್ಲಿ ಆ ಸಂದೇಹ ಏನೆಂದು ಬರೆದು ಮೇಲಧಿಕಾರಿಗೆ ಕಳಿಸಬೇಕು. ಅಷ್ಟಕ್ಕೇ ಬಿಡುವಂತಿಲ್ಲ, ವಿಚಾರಣೆ ಬೇಗ ನಡೆಯಬೇಕು. ಸಂದೇಹ ಪರಿಹಾರವಾದರೆ ಅಂಕಣದಲ್ಲಿ ಪ್ರಾಮಾಣಿಕನೆಂದು ದಾಖಲಿಸಬೇಕು. ದೃಢಪಟ್ಟರೆ ಅದನ್ನೂ ದಾಖಲಿಸಿ ನೌಕರನಿಗೆ ತಿಳಿಸಬೇಕು. ಎರಡೂ ಆಗದಿದ್ದರೆ ಇನ್ನೂ ಕೆಲಕಾಲ ಗಮನಿಸಬೇಕು. ಸಂಶಯಪಡುವ ಹಕ್ಕಿನ ಜೊತೆಗೆ ನೋಡುವ ಹೊಣೆಯನ್ನೂ ಕಟ್ಟಿಕೊಟ್ಟ ಇಂಥ ಬರಹವನ್ನು ಸರ್ಕಾರಿ ಸುತ್ತೋಲೆಗಳಲ್ಲಿ ನಾನು ಹೆಚ್ಚು ಕಂಡಿಲ್ಲ.

ಆ ಸೂಚನೆಯನ್ನು ನಾನು ಉಲ್ಲಂಘಿಸಿದ್ದೇನೆ. ಇದು ಇಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. ನನ್ನ ಕೈಕೆಳಗೆ ಖರೀದಿ ಕಡತಗಳನ್ನು ನೋಡಿಕೊಳ್ಳುವ ಸಹಾಯಕರೊಬ್ಬರಿದ್ದರು. ಉತ್ತರ ಪ್ರದೇಶದ ಕಡೆಯವರು, ಮಿತಭಾಷಿ. ಕಚೇರಿ ಮುಗಿದ ಮೇಲೂ ದಿನವೂ ಸುಮಾರು ಎಂಟು ಗಂಟೆಯವರೆಗೆ ಕುಳಿತು ಕೆಲಸ ಮಾಡುತ್ತಿದ್ದರು. ದೀಪಾವಳಿಗೆ ಗುತ್ತಿಗೆದಾರರು ತರುವ ಮಿಠಾಯಿ ಡಬ್ಬಿಗಳನ್ನು ಹಿಂದಿರುಗಿಸುತ್ತಿದ್ದರು. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಒಂದು ದಿನ ನಗುತ್ತ, "ಸಣ್ಣ ಡಬ್ಬಿ ಬೇಡವೆನ್ನುವವನು ದೊಡ್ಡದನ್ನು ಬೇರೆಲ್ಲೋ ತೆಗೆದುಕೊಳ್ಳುತ್ತಿರುತ್ತಾನೆ. ಇಲ್ಲದಿದ್ದರೆ ರಾತ್ರಿಯವರೆಗೆ ಖರೀದಿ ಕಡತಗಳ ಜೊತೆ ಯಾರು ಕೂರುತ್ತಾರೆ?" ಎಂದರು. ಆ ಮಾತು ನನಗೆ ಲೋಕಾನುಭವದ ಸಾರವೆಂಬಂತೆ ಕೇಳಿಸಿತು. ನಾನಿನ್ನೂ ಚಿಕ್ಕವನು, ಮೋಸಹೋಗುವ ಹೆಡ್ಡನೆನ್ನಿಸಿಕೊಳ್ಳುವ ಭಯ, ಅನ್ಯಾಯ ಮಾಡುವ ಭಯಕ್ಕಿಂತ ದೊಡ್ಡದಾಗಿತ್ತು. ಆ ವರ್ಷದ ವರದಿಯಲ್ಲಿ ಅವರ ಪ್ರಾಮಾಣಿಕತೆಯ ಅಂಕಣವನ್ನು ಖಾಲಿ ಬಿಟ್ಟೆ. ರಹಸ್ಯ ಟಿಪ್ಪಣಿ ಬರೆಯಲಿಲ್ಲ. ಬರೆಯಲು ನನ್ನ ಬಳಿ ಏನೂ ಇರಲಿಲ್ಲ.

ಮೇಲಿನವರು ಕೇಳಲಿಲ್ಲ. ಮುಂದಿನ ಬಡ್ತಿಯ ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ಆ ಖಾಲಿ ಅಂಕಣವೇ ಕಾರಣವೆಂದು ಖಚಿತವಾಗಿ ಹೇಳಲಾರೆ. ಅಲ್ಲವೆಂದು ಹೇಳುವ ಧೈರ್ಯವೂ ನನಗಿಲ್ಲ. ಅವರಿಗೆ ಯಾರೂ ಏನೂ ತಿಳಿಸಲಿಲ್ಲ. ಪ್ರತಿಕೂಲ ಷರಾ ಇದ್ದರೆ ತಿಳಿಸಬೇಕಿತ್ತು. ಖಾಲಿ ಜಾಗದಲ್ಲಿ ತಿಳಿಸುವಂಥದು ಏನಿದೆ?

ಎರಡು ವರ್ಷಗಳ ಮೇಲೆ ಬೇರೊಬ್ಬರ ಬೀಳ್ಕೊಡುಗೆಯ ಕೂಟದಲ್ಲಿ ಅವರ ಪತ್ನಿಯ ಪರಿಚಯವಾಯಿತು. ಆಕೆ ದಾದಿ. ಹತ್ತಿರದ ಆಸ್ಪತ್ರೆಯಲ್ಲಿ ಆಕೆಯ ಪಾಳಿ ಮುಗಿಯುವುದು ರಾತ್ರಿ ಎಂಟಕ್ಕೆ. ಯಮುನೆಯ ಆಚೆಗೆ ಹೋಗುವ ಬಸ್ಸಿನಲ್ಲಿ ಆ ಹೊತ್ತಿಗೆ ಆಕೆ ಒಬ್ಬರೇ ಹೋಗುವುದು ಬೇಡವೆಂದು ಇವರು ಕಾಯುತ್ತಿದ್ದರು. ಸುಮ್ಮನೆ ಕುಳಿತಿರಲಾರದೆ ಕಡತ ನೋಡುತ್ತಿದ್ದರು. "ಇಷ್ಟು ಹೊತ್ತಿನವರೆಗೆ ಏಕೆ ಕೂರುತ್ತೀರಿ?" ಎಂದು ನಾನು ಒಂದು ಪ್ರಶ್ನೆ ಕೇಳಿದ್ದರೆ ಸಾಕಾಗಿತ್ತು. ಸ್ಕೆಪ್ಟಿಕನಾಗಿದ್ದರೆ ಕೇಳುತ್ತಿದ್ದೆ. ಸಸ್ಪಿಷಸ್ ಆಗಿದ್ದರೂ ಒಂದು ಸಂಜೆ ಮರೆಯಲ್ಲಿ ನಿಂತು ನೋಡಿಯಾದರೂ ನಿಜ ತಿಳಿಯುತ್ತಿದ್ದೆ. ನಾನು ಸಿನಿಕನಾಗಿದ್ದೆ, ಆದ್ದರಿಂದ ಅವರ ಒಳ್ಳೆಯತನವೇ ನನಗೆ ಅವರ ವಿರುದ್ಧದ ಸಾಕ್ಷ್ಯವಾಯಿತು.

2008ರಲ್ಲಿ ದೇವದತ್ತ ಎಂಬುವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಗೋಪ್ಯ ವರದಿಯ ಪ್ರತಿಯೊಂದು ಷರಾವನ್ನೂ, ಅದು ಒಳ್ಳೆಯದಿರಲಿ ಕೆಟ್ಟದಿರಲಿ, ನೌಕರನಿಗೆ ತಿಳಿಸಬೇಕೆಂದು ತೀರ್ಪು ಕೊಟ್ಟಿತು. 2009ರಿಂದ ಇಡೀ ವರದಿಯನ್ನೇ ನೌಕರನಿಗೆ ತೋರಿಸುವ ಪದ್ಧತಿ ಬಂದಿತು. ಹೆಸರಿನಿಂದ 'ಗೋಪ್ಯ' ಎಂಬ ಮಾತೂ ಹೋಯಿತು. ಆ ಬದಲಾವಣೆಯನ್ನು ಹಲವು ಅಧಿಕಾರಿಗಳು ಗೊಣಗುತ್ತ ಸ್ವೀಕರಿಸಿದರು. ನಾನು ಗೊಣಗಲಿಲ್ಲ.

ಈ ವೈಯಕ್ತಿಕ ಸಂಗತಿಯನ್ನು ಇಲ್ಲಿ ಹೇಳಿದ್ದಕ್ಕೆ ಕಾರಣವಿದೆ. ನಮ್ಮ ಸಾರ್ವಜನಿಕ ಜೀವನದಲ್ಲಿ ಸಿನಿಕತನವೇ ಜಾಣತನವೆಂಬ ಭ್ರಮೆ ಬಲಿಯುತ್ತಿದೆ. 'ಎಲ್ಲರೂ ಅಷ್ಟೆ' ಎಂಬ ಮಾತು ವಿದ್ಯಾವಂತರ ಮನೆಗಳ ಹಜಾರದಲ್ಲಿ ದಿನವೂ ಕೇಳಿಬರುತ್ತದೆ. ಕೇಳುವುದಕ್ಕೆ ಅದು ಪ್ರತಿಭಟನೆಯಂತಿದೆ. ಆದರೆ ಎಲ್ಲರೂ ಕಳ್ಳರೆಂದು ಹೇಳಿದಾಗ ಅತಿ ಹೆಚ್ಚು ಸಮಾಧಾನವಾಗುವುದು ನಿಜವಾದ ಕಳ್ಳನಿಗೆ. ಅವನನ್ನು ಬೇರೆಯಾಗಿ ಗುರುತಿಸುವವರು ಇಲ್ಲದಂತಾಯಿತು. ಪ್ರಾಮಾಣಿಕನಿಗೆ ಪ್ರಾಮಾಣಿಕನಾಗಿ ಉಳಿಯಲು ಇದ್ದ ಒಂದು ಸಣ್ಣ ಉತ್ತೇಜನವೂ ಇಲ್ಲದಂತಾಯಿತು. ಅಧಿಕಾರದಲ್ಲಿರುವವರಿಗೆ ಸಿನಿಕ ಪ್ರಜೆಯಿಂದ ಯಾವ ತೊಂದರೆಯೂ ಇಲ್ಲ. ಅವನು ಬೈಯುತ್ತಾನೆ, ಆದರೆ ಕಾಗದ ಕೇಳುವುದಿಲ್ಲ.

ಪ್ರಜಾಪ್ರಭುತ್ವ ಬೇಡುವುದು ಬೇರೆ ಬಗೆಯ ಅಪನಂಬಿಕೆಯನ್ನು. ಲೋಕಸಭೆಯಲ್ಲಿ ಮೊದಲ ಅವಿಶ್ವಾಸ ನಿರ್ಣಯವನ್ನು ಮಂಡಿಸಿದವರು ಆಚಾರ್ಯ ಕೃಪಲಾನಿ, 1963ರ ಆಗಸ್ಟಿನಲ್ಲಿ, ಚೀನಾ ಯುದ್ಧದ ಮರುವರ್ಷ. ಎದುರಿಗಿದ್ದವರು ಸ್ವಾತಂತ್ರ್ಯ ಹೋರಾಟದ ದಿನಗಳ ಅವರ ಒಡನಾಡಿ ಜವಾಹರಲಾಲ್ ನೆಹರೂ. ನಿರ್ಣಯದ ಪರ 62 ಮತ, ವಿರುದ್ಧ 347 ಮತ ಬಿದ್ದು ಅದು ಸೋತಿತು. ಆದರೆ ಸರ್ಕಾರ ದಿನಗಟ್ಟಲೆ ಕುಳಿತು ಪ್ರಶ್ನೆಗಳನ್ನು ಕೇಳಿಸಿಕೊಳ್ಳಬೇಕಾಯಿತು, ಉತ್ತರ ಕೊಡಬೇಕಾಯಿತು. ಅವಿಶ್ವಾಸಕ್ಕೂ ಒಂದು ಕಾಲ, ಒಂದು ಸ್ಥಳ, ಒಂದು ಎಣಿಕೆ ಇರುವುದು ಆರೋಗ್ಯದ ಲಕ್ಷಣ. 2005ರ ಮಾಹಿತಿ ಹಕ್ಕು ಕಾಯಿದೆಯನ್ನೂ ನಾನು ಹೀಗೆಯೇ ನೋಡುತ್ತೇನೆ. ಮೇಜಿನ ಈಚೆ ಕುಳಿತವನಾಗಿ ಅದರ ಅರ್ಜಿಗಳಿಂದ ನಾನೂ ಬೇಸತ್ತದ್ದುಂಟು. ಆದರೂ ಅರ್ಜಿ ಬರೆದವನು ಉತ್ತರವೊಂದು ಸಿಕ್ಕೀತೆಂದು ನಂಬಿದ್ದಾನೆ. ಅಷ್ಟರಮಟ್ಟಿಗೆ ಅವನಿಗೆ ನಮ್ಮ ಮೇಲೆ ವಿಶ್ವಾಸವಿದೆ. ಆ ಉತ್ತರವನ್ನು ನಾವು ಕೊಡದಿದ್ದರೆ, ನಾಳೆ ಅವನೂ 'ಎಲ್ಲರೂ ಅಷ್ಟೆ' ಎನ್ನುವವರ ಗುಂಪಿಗೆ ಸೇರುತ್ತಾನೆ. ಸಿನಿಕರು ಹುಟ್ಟಿನಿಂದ ಬರುವುದಿಲ್ಲ. ಉತ್ತರ ಸಿಗದ ಸ್ಕೆಪ್ಟಿಕರೇ ಬಳಲಿ ಸಿನಿಕರಾಗುತ್ತಾರೆ. ಅದರಲ್ಲಿ ನಮ್ಮಂಥ ಅಧಿಕಾರಿಗಳ ಪಾಲು ಸಣ್ಣದಲ್ಲ.

ಇನ್ನು ಕಾರ್ಯದರ್ಶಿಗಳ ಪ್ರಶ್ನೆಗೆ ಮರಳುತ್ತೇನೆ. ಕಾಫಿಯಾದ ಮೇಲೆ ನಮ್ಮ ಸಭೆಯಲ್ಲಿ ಏನಾಯಿತೆಂಬುದು ತಮಗೆ ನೆನಪಿರಬಹುದು. ಖಜಾಂಚಿಯವರು ರಸೀದಿಗಳ ಕಡತ ತಂದರು. ಉತ್ಸವದ ಎರಡನೆಯ ದಿನ ಮಳೆ ಬಂದು ನಾಟಕವೊಂದನ್ನು ಮರುದಿನಕ್ಕೆ ಹಾಕಿದ್ದರಿಂದ, ಶಾಮಿಯಾನವನ್ನು ಒಂದು ದಿನ ಹೆಚ್ಚು ಇರಿಸಿಕೊಂಡಿದ್ದರು. ರಸೀದಿ ಸರಿಯಾಗಿತ್ತು. ಹಿರಿಯರು ಕನ್ನಡಕ ಹಾಕಿಕೊಂಡು ಓದಿ, "ಸರಿ, ಒಪ್ಪಿದೆ" ಎಂದರು. ಪ್ರಶ್ನೆಯೂ ಉತ್ತರವೂ ನಡಾವಳಿಯಲ್ಲಿ ದಾಖಲಾದವು. ಖಜಾಂಚಿಯವರ ಪ್ರಾಮಾಣಿಕತೆಗೆ ಈಗ ಒಂದು ಸಾಕ್ಷಿಯುಂಟು. ಪ್ರಶ್ನೆ ಬಾರದೆ ಇದ್ದಿದ್ದರೆ ಅದೂ ಇರುತ್ತಿರಲಿಲ್ಲ. ಆದ್ದರಿಂದ ಸ್ಕೆಪ್ಟಿಕಲ್ ಎಂಬುದು ಬೈಗುಳವಲ್ಲ. ಸಸ್ಪಿಷಸ್ ಎಂಬುದು ಕೆಲವೊಮ್ಮೆ ಬೈಗುಳ, ಕೆಲವೊಮ್ಮೆ ಅನಿವಾರ್ಯ. ಸಿನಿಕ ಎಂಬುದು ಬೈಗುಳವೇ ಸರಿ. ಆದರೆ ಲೆಕ್ಕ ಕೇಳಿದವನ ಬಾಯಿ ಮುಚ್ಚಿಸಲು ಅದನ್ನು ಎಸೆಯುವುದು ಅದಕ್ಕಿಂತ ದೊಡ್ಡ ತಪ್ಪು. ಹಿಂದಿನ ಸಾಲಿನ ಮಿತ್ರರು ಇಂದೂ ಬಂದಿದ್ದಾರೆ. ನನ್ನನ್ನು ಮನ್ನಿಸುತ್ತಾರೆಂಬ ವಿಶ್ವಾಸವಿದೆ, ಕನ್ನಡದ ಎರಡೂ ಅರ್ಥಗಳಲ್ಲಿ.

ನಾನು ಹೇಳಿದ ಆ ಸಹಾಯಕರು ತಡವಾಗಿ ಬಡ್ತಿ ಪಡೆದು, ಈಗ ನಿವೃತ್ತರಾಗಿದ್ದಾರೆ. ಪ್ರತಿ ದೀಪಾವಳಿಗೂ ನನಗೆ ಫೋನ್ ಮಾಡಿ ಶುಭಾಶಯ ಹೇಳುತ್ತಾರೆ. ಆ ಖಾಲಿ ಅಂಕಣದ ಸಂಗತಿಯನ್ನು ಅವರಿಗೆ ನಾನು ಈವರೆಗೂ ಹೇಳಿಲ್ಲ. ಅವರಿಗೆ ತಿಳಿಯದ ಭಾಷೆಯಲ್ಲಿ ತಮ್ಮೆದುರು ಹೇಳುವುದು ಸುಲಭವಾಯಿತು. ಅವರ ಭಾಷೆಯಲ್ಲಿ ಅವರೆದುರು ಹೇಳುವ ಕೆಲಸ ಬಾಕಿ ಇದೆ.

 ಪ್ರಶ್ನೆಗಳಿದ್ದರೆ ಸಂಕೋಚವಿಲ್ಲದೆ ಕೇಳಬೇಕು; ಅನುಮಾನವೆಂದು ನಾನು ತಿಳಿಯುವುದಿಲ್ಲ.